ಕೋಸಿನ ಮೇಲೆ ಮಾವ

ಸತ್ತವರ ಫೋಟೋವನ್ನು ಅಡುಗೆಮನೆಗೆ ಒಯ್ಯಬಾರದೆಂದು ಯಾವ ಅಡುಗೆ ಪುಸ್ತಕದಲ್ಲೂ ಬರೆದಿಲ್ಲ. ಬರೆಯಬೇಕಿತ್ತು. ಬರೆದಿದ್ದರೆ ನಾನು ಓದಿ ತಿದ್ದಿಕೊಳ್ಳುತ್ತಿದ್ದೆ ಎಂದು ಎದೆ ತಟ್ಟಿ ಹೇಳಲಾರೆ. ಆದರೂ ಬರೆಯಬೇಕಿತ್ತು.

ನಾನು ಬಸ್ ನಿಲ್ದಾಣದಲ್ಲಿ ಪ್ರಕಟಣೆ ಹೇಳುವವನು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾವುದು ರದ್ದು ಎಂದು ಗಾಜಿನ ಗೂಡಿನಲ್ಲಿ ಕೂತು ಮೈಕಿನಲ್ಲಿ ಹೇಳುವುದು ನನ್ನ ಕೆಲಸ. ಹೇಳಿ ಹೇಳಿ ನನಗೊಂದು ಕಾಯಿಲೆ ಅಂಟಿಕೊಂಡಿದೆ. ಹೆದರಿಕೆಯಾದರೆ ನನ್ನ ಮಾತು ತಾನಾಗಿಯೇ ಪ್ರಕಟಣೆಯಾಗಿಬಿಡುತ್ತದೆ. ಮದುವೆಯಾದ ಹೊಸತರಲ್ಲಿ ಮಂಚದ ಕೆಳಗೆ ಇಲಿ ಕಂಡಾಗ, “ದಯವಿಟ್ಟು ಗಮನಿಸಿ, ಮಂಚದ ಬಲಭಾಗದಿಂದ ಒಂದು ಇಲಿ ಇನ್ನೇನು ಹೊರಡಲಿದೆ” ಎಂದಿದ್ದೆ. ನನ್ನ ಹೆಂಡತಿ ಅದನ್ನು ಇವತ್ತಿಗೂ ಕಂಡಕಂಡವರಿಗೆಲ್ಲ ಹೇಳುತ್ತಾಳೆ.

ನಾವಿರುವ ಮನೆ ನನ್ನದಲ್ಲ, ಮಾವನದು. ನಾನು ಮನೆ ಅಳಿಯ. ಮಾವ ಅಳತೆ-ತೂಕದ ಇನ್‌ಸ್ಪೆಕ್ಟರ್ ಆಗಿದ್ದವರು. ಪೇಟೆಯ ತಕ್ಕಡಿಗಳೆಲ್ಲ ಅವರ ಚಪ್ಪಲಿ ಸದ್ದು ಕೇಳಿದರೆ ನೆಟ್ಟಗೆ ನಿಲ್ಲುತ್ತಿದ್ದವಂತೆ. ಹೆಣ್ಣು ನೋಡಲು ಹೋದ ದಿನ ನಾನು ತಂದಿದ್ದ ಸಿಹಿಯ ಪೊಟ್ಟಣವನ್ನು ಕೈಯಲ್ಲಿ ತೂಗಿ, “ಕಡಿಮೆ ಇದೆ” ಎಂದಿದ್ದರು. ಆಮೇಲೆ ನನ್ನನ್ನೂ ಅದೇ ಕಣ್ಣಿನಿಂದ ನೋಡಿದ್ದರು. ಬಾಯಿ ಬಿಟ್ಟು ಏನೂ ಹೇಳಲಿಲ್ಲ, ಅದು ಅವರ ದೊಡ್ಡತನ.

ಸಾಯುವ ಮುಂಚೆ ಅವರು ತಮ್ಮ ಫೋಟೋಗೆ ತಾವೇ ಚೌಕಟ್ಟು ಹಾಕಿಸಿ ಇಟ್ಟಿದ್ದರು. “ನಿಮ್ಮನ್ನ ನಂಬಿದ್ರೆ ರಟ್ಟಿಗೆ ಅಂಟಿಸಿ ಗೋಡೆಗೆ ಒರಗಿಸ್ತೀರಿ” ಎಂದು ಅಂಗಡಿಯಲ್ಲಿದ್ದ ಅತಿ ದಪ್ಪ ಗಾಜು, ಅತಿ ಅಗಲದ ಮರ ಆರಿಸಿದ್ದರು. ಅದನ್ನು ಮೊಳೆಗೆ ಏರಿಸಲು ಇಬ್ಬರು ಬೇಕಾದರು. ಅದರೊಳಗೆ ಕಪ್ಪು ಕೂದಲನ್ನು ಹಿಂದಕ್ಕೆ ಬಾಚಿಕೊಂಡು, ತುಟಿ ಬಿಗಿದು, ಮಾವ ಹಾಲ್‌ನಲ್ಲಿ ಓಡಾಡುವವರನ್ನೆಲ್ಲ ತೂಗುತ್ತಿದ್ದರು. ಸೋಫಾದಲ್ಲಿ ಕೂತರೂ ನೋಡುತ್ತಿದ್ದರು, ಎದ್ದು ಬಾಗಿಲಿಗೆ ಹೋದರೂ ನೋಡುತ್ತಿದ್ದರು. ನಾನು ಮನೆಯಲ್ಲಿ ಒಬ್ಬನೇ ಇದ್ದರೆ ಹಾಲ್ ದಾಟುವಾಗ ಸ್ವಲ್ಪ ಬಗ್ಗಿ ದಾಟುತ್ತಿದ್ದೆ.

ಈಗ ನಾದಿನಿಯ ವಿಷಯ. ಅವಳು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ದಿನವಿಡೀ ಜನರಿಗೆ “ಅಲ್ಲಾಡಬೇಡಿ, ಉಸಿರು ಹಿಡ್ಕೊಳ್ಳಿ” ಎನ್ನುತ್ತಿದ್ದ ಅವಳ ಮದುವೆಯ ವಯಸ್ಸೂ ಉಸಿರು ಹಿಡಿದು ನಿಂತಿತ್ತು. ಆ ಮನೆಯಲ್ಲಿ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಳ್ಳುತ್ತಿದ್ದವಳು ಅವಳೊಬ್ಬಳೇ. ಒಂದು ದಿನ ಮಣಿಕಟ್ಟು ಮುರಿದುಕೊಂಡು ಹಣ್ಣಿನಂಗಡಿಯವನೊಬ್ಬ ಅವಳ ಯಂತ್ರದ ಕೆಳಗೆ ಕೈ ಇಟ್ಟ. ಮೂಳೆ ಕೂಡಿದ ಮೇಲೂ ಅವನು ಹಣ್ಣಿನ ಬುಟ್ಟಿ ಹಿಡಿದು ಆಸ್ಪತ್ರೆಗೆ ಬರುವುದು ನಿಲ್ಲಲಿಲ್ಲ. ಕೊನೆಗೆ ಅವನ ತಾಯಿಯೇ ಅವನನ್ನು ಕರೆದುಕೊಂಡು ಹೆಣ್ಣು ಕೇಳಲು ನಮ್ಮ ಮನೆಗೆ ಬಂದರು.

ಆ ತಾಯಿ ಕೇಕಿನ ತುಂಡೊಂದನ್ನು ಬಾಯಿಗಿಟ್ಟು, “ಯಾರು ಮಾಡಿದ್ದು ಇದು? ಚೆನ್ನಾಗಿದೆ” ಎಂದರು. ಬೇಕರಿಯಿಂದ ತಂದ ಕೇಕು. ಹೆಂಡತಿ ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ನಾನು “ನಾನೇ” ಎಂದೆ.

ಯಾಕೆ ಹಾಗೆಂದೆನೋ ಆ ದೇವರೇ ಬಲ್ಲ. ಅಷ್ಟು ಹೊತ್ತೂ ಅಲ್ಲಿ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ, ಬಹುಶಃ ಅದಕ್ಕೇ.

“ಅಯ್ಯೋ, ಗಂಡಸರ ಕೈ ಅಡುಗೆ!” ಎಂದು ಅವರು ಕೈ ಜೋಡಿಸಿದರು. “ಹಾಗಾದ್ರೆ ಮಾತು ಮುಗಿಸೋ ದಿನ ಊಟಕ್ಕೆ ನಿಮ್ಮ ಕೈದೇ ಒಂದು ಪದಾರ್ಥ ಇರಲಿ. ಎಲೆಕೋಸಿಗೆ ಹಣ್ಣು ಬೆರೆಸಿ ಸಲಾಡ್ ಮಾಡ್ತಾರಲ್ಲ, ನಂಚಿಕೊಳ್ಳೋಕೆ, ಅದು. ಹಣ್ಣು ನಮ್ಮ ಅಂಗಡಿಯಿಂದಲೇ ಕಳಿಸ್ತೀನಿ.”

“ಅದಕ್ಕೇನಂತೆ, ಎಡಗೈಯಲ್ಲಿ ಮಾಡಿಬಿಡ್ತೀನಿ” ಎಂದೆ.

ಅವರು ಹೋದ ಮೇಲೆ ಸೋದರತ್ತೆ ಗುಡುಗಿದರು. ಸೋದರತ್ತೆ ಎಂದರೆ ಮಾವನ ಅಕ್ಕ. ತಮ್ಮ ಸತ್ತ ಮೇಲೆ ಅವನ ಪರವಾಗಿ ಮಾತಾಡುವ ಹಕ್ಕು ತನ್ನದೆಂದು ನಂಬಿ ನಮ್ಮ ಜೊತೆಗೇ ಇರುವವರು. “ಆ ಅಂಗಡಿ ತಕ್ಕಡೀನೇ ಕಣೇ ನಿಮ್ಮಪ್ಪ ಸೀಲ್ ಹಾಕಿ ಎತ್ಕೊಂಡು ಹೋಗಿದ್ದು! ಅಂಥವರ ಮನೆಗೆ ಹೆಣ್ಣು ಕೊಟ್ರೆ ಅವನ ಆತ್ಮ ಸುಮ್ನಿರುತ್ತಾ? ನೋಡ್ತಾ ಇರಿ, ಅವನೇ ಏನಾದರೂ ಹೇಳ್ತಾನೆ.”

ನಾದಿನಿ ಫೋಟೋದ ಕಡೆ ನೋಡಿದಳು.

*

ಕೋಸಿನ ಸಲಾಡ್ ಮಾಡುವ ಬಗೆಯನ್ನು ನಾನು ಕಲಿತದ್ದು ನಿಲ್ದಾಣದ ವಿಚಾರಣಾ ಕಿಟಕಿಯ ಹೆಂಗಸಿನಿಂದ. “ಕೋಸನ್ನ ಎಳೆ ಎಳೆಯಾಗಿ ಹೆಚ್ಚಿ. ಉಪ್ಪು ಸವರಿ. ಮೇಲೊಂದು ತಟ್ಟೆ ಮುಚ್ಚಿ ಭಾರ ಹೇರಿ. ನೀರು ಬಿಡುತ್ತೆ, ಹಿಂಡಿ ತೆಗೀರಿ…” ಎಂದು ಆಕೆ ಹೇಳುತ್ತಿದ್ದಾಗ ಒಂದು ಬಸ್ಸು ರದ್ದಾಯಿತು. ನಾನು ಮೈಕಿಗೆ ಓಡಿ ಪ್ರಯಾಣಿಕರ ಕ್ಷಮೆ ಕೇಳಿ ಬರುವಷ್ಟರಲ್ಲಿ ಆಕೆ, “…ಅಷ್ಟೇ, ಹಣ್ಣು ಮೊಸರು ಬೆರೆಸಿದರಾಯ್ತು” ಎಂದು ಮುಗಿಸುತ್ತಿದ್ದಳು. ಹಣ್ಣನ್ನು ಹಿಂಡುವ ಮುಂಚೆ ಬೆರೆಸಬೇಕೋ ಆಮೇಲೆ ಬೆರೆಸಬೇಕೋ ಎಂಬುದು ಆ ರದ್ದಾದ ಬಸ್ಸಿನಲ್ಲೇ ಹೋಯಿತು.

ಊಟದ ಹಿಂದಿನ ದಿನ ಮಧ್ಯಾಹ್ನ ಹೆಂಗಸರು ಮೂವರೂ ದರ್ಜಿಯ ಹತ್ತಿರ ಹೋದರು. “ನೀವು ನಿಮ್ಮ ಎಡಗೈ ಕೆಲಸ ಮುಗಿಸಿ” ಎಂದು ಹೆಂಡತಿ ಬಾಗಿಲಲ್ಲಿ ಚುಚ್ಚಿ ಹೋದಳು.

ಮನೆ ಗಪ್‌ಚಿಪ್ಪಾಯಿತು. ಖಾಲಿ ಮನೆಯಲ್ಲಿ ಕೋಸು ಹೆಚ್ಚುವುದು ಅಷ್ಟೇನೂ ಹಿತವಾದ ಕೆಲಸವಲ್ಲ ಎಂದು ನನಗೆ ಅಂದು ತಿಳಿಯಿತು. ಹಲಗೆಯ ಮೇಲಿಟ್ಟಾಗ ಅದು ತಲೆಯ ಗಾತ್ರಕ್ಕೇ ಇತ್ತು. ಚಾಕು ಇಳಿಸಿದರೆ ಕಿರ್ರ್ ಎಂದಿತು. ಬಿಚ್ಚಿಕೊಂಡ ಎರಡು ಹೋಳುಗಳೊಳಗೆ ಪದರ ಪದರವಾಗಿ ಬಿಳಿ ಕಿವಿಗಳನ್ನು ಮಡಿಸಿಟ್ಟ ಹಾಗಿತ್ತು. ನನಗೆ ಮಾತಾಡಬೇಕೆನಿಸಿತು. “ಗಮನಿಸಿ, ಕೋಸು ಹೆಚ್ಚಲಾಗುತ್ತಿದೆ” ಎಂದು ಮೆಲ್ಲಗೆ ಹೇಳಿಕೊಂಡೆ. ಆ ಕಿವಿಗಳು ಕೇಳಿಸಿಕೊಂಡಂತಾಗಿ ಬಾಯಿ ಮುಚ್ಚಿಕೊಂಡೆ.

ಬೇಸಿನ್ನಿನ ತುಂಬ ಕೋಸಿನ ಎಳೆ. ಅದಕ್ಕೆ ಸೇಬಿನ ಹೋಳು, ಅನಾನಸ್ಸಿನ ಚೂರು, ಒಂದು ಬುಟ್ಟಿ ಕಪ್ಪು ದ್ರಾಕ್ಷಿ, ಎಲ್ಲವನ್ನೂ ಒಟ್ಟಿಗೇ ಸುರಿದೆ. ಕಪಾಟಿನಲ್ಲಿ ಒಂದೇ ಥರದ ಡಬ್ಬಿಗಳು ಸಾಲಾಗಿವೆ. ನನ್ನ ಹೆಂಡತಿಗೆ ಹೆಸರು ಬರೆದು ಅಂಟಿಸುವ ಅಭ್ಯಾಸವಿಲ್ಲ. “ನನ್ನ ಕೈಗೆ ಗೊತ್ತಿರುತ್ತೆ” ಎನ್ನುತ್ತಾಳೆ. ಕೈಗೆ ಸಿಕ್ಕಿದ ಡಬ್ಬಿ ಬಗ್ಗಿಸಿ ಧಾರಾಳವಾಗಿ ಹಾಕಿ ಕಲಸಿ, ಮೇಲೊಂದು ತಟ್ಟೆ ಮುಚ್ಚಿದೆ. ಇನ್ನು ಭಾರ.

ಇಸ್ತ್ರಿ ಪೆಟ್ಟಿಗೆ ಇಟ್ಟೆ, ಜಾರಿ ಕಾಲ ಹತ್ತಿರ ಬಿತ್ತು. ಅಕ್ಕಿಯ ಡಬ್ಬ ಇಟ್ಟೆ, ತಟ್ಟೆ ಒಂದೇ ಕಡೆ ಮುಳುಗಿತು. ಜೀವನವಿಡೀ ತೂಕದ ಕಲ್ಲುಗಳ ಮಧ್ಯೆ ಬಾಳಿದ ಮಾವ ನಿವೃತ್ತರಾದ ದಿನ ಒಂದನ್ನೂ ಉಳಿಸಿಕೊಳ್ಳದೆ ಇಲಾಖೆಗೆ ಮರಳಿಸಿದ್ದರು. ಇಡೀ ಮನೆಯಲ್ಲಿ ಅಗಲವಾಗಿ, ಸಮನಾಗಿ, ಭಾರವಾಗಿ ಇದ್ದದ್ದು ಒಂದೇ ವಸ್ತು, ಅವರೇ.

“ಕ್ಷಮಿಸಿ ಮಾವ, ನಿಮ್ಮ ಮಗಳ ಕೆಲಸ” ಎಂದು ಕೈ ಮುಗಿದು ಇಳಿಸಿದೆ. ಮೊದಲು ಮುಖ ಮೇಲಾಗಿಯೇ ಇಟ್ಟೆ. ಅವರು ಕೋಸಿನ ಮೇಲೆ ಅಂಗಾತ ಮಲಗಿ ನನ್ನನ್ನೇ ನೋಡಿದರು. ಬೇಸಿನ್ನಿನೊಳಗೆ ಕೋಸು ಕುಸಿಯುತ್ತಾ ಕಿರ್ರ್… ಕಿರ್ರ್… ಎಂದಾಗಲೆಲ್ಲ ಮಾವ ಕೂದಲೆಳೆಯಷ್ಟು ಕೆಳಗಿಳಿಯುತ್ತಿದ್ದರು. ಆದರೆ ಕಣ್ಣು ಮಾತ್ರ ನನ್ನಿಂದ ಕದಲುತ್ತಿರಲಿಲ್ಲ. ತಡೆಯಲಾರದೆ ಅವರನ್ನು ಮಗುಚಿ ಹಾಕಿದೆ. ಆಮೇಲೆ ಸೋಫಾಕ್ಕೆ ಹೋಗಿ ಒರಗಿದವನಿಗೆ ನಿದ್ದೆ ಬಂದದ್ದು ನಾಚಿಕೆಗೇಡೇ ಸರಿ.

ಎಚ್ಚರವಾದದ್ದು ಕರೆಗಂಟೆಗೆ. ಅಡುಗೆಮನೆಗೆ ಓಡಿದರೆ ದ್ರಾಕ್ಷಿಯ ಕೆಂಪು ರಸ ತಟ್ಟೆ ಮುಳುಗಿಸಿ ಮೇಲೆದ್ದು ಚೌಕಟ್ಟಿನ ಅಂಚನ್ನೆಲ್ಲ ನೆಕ್ಕಿತ್ತು. ಕೈಗೆ ಸಿಕ್ಕಿದ ಟವೆಲಿನಿಂದ ಮಾವನನ್ನು ಒರೆಸಿ, ಇಬ್ಬರು ಎತ್ತುವ ಭಾರವನ್ನು ಹೆದರಿಕೆಯ ಬಲದಿಂದ ಒಬ್ಬನೇ ಎತ್ತಿ ಮೊಳೆಗೇರಿಸಿ, ಬೇಸಿನ್ನನ್ನು ಫ್ರಿಜ್ಜಿಗೆ ತುರುಕಿ, ಬಾಗಿಲು ತೆರೆದೆ.

*

ಸಂಜೆ ಸೋದರತ್ತೆ ದೀಪ ಹಾಕಲು ಹಾಲ್‌ಗೆ ಹೋದವರು ಚೀರಿದ್ದು ಬೀದಿಗೆ ಕೇಳಿಸಿತು.

ಮಾವ ಅಳುತ್ತಿದ್ದರು. ಎರಡೂ ಕಣ್ಣಿನಿಂದ ಕೆಂಪು ಗೆರೆಯೊಂದೊಂದು ಕೆನ್ನೆಗುಂಟ ಇಳಿದು, ಬಿಗಿದ ತುಟಿಯ ಪಕ್ಕದಲ್ಲಿ ಹಾದು, ಕೋಟಿನ ಮೇಲೆ ಹರಿದಿತ್ತು. ಚೌಕಟ್ಟಿನ ಕೆಳ ಅಂಚಿನಲ್ಲಿ ಹನಿಯೊಂದು ಕೂಡಿಕೊಂಡು, ದಪ್ಪವಾಗಿ, ತೊಟ್ ಎಂದು ನೆಲಕ್ಕೆ ಬಿತ್ತು.

“ರಕ್ತ!” ಎಂದರು ಸೋದರತ್ತೆ.

ಹೆಂಡತಿ ನನ್ನ ತೋಳು ಹಿಡಿದುಕೊಂಡಳು. ಅವಳ ಉಗುರು ಚರ್ಮಕ್ಕಿಳಿಯಿತು. ಇದು ದ್ರಾಕ್ಷಿ, ಮಗುಚಿ ಹಾಕಿದಾಗ ಒಳಗೆ ಹೋದ ರಸ ಇದು ಎಂದು ಹೇಳಬೇಕು. ಹೇಳಿದರೆ ಮಾವನನ್ನು ಕೋಸಿನ ಮೇಲೆ ಮಗುಚಿ ಹಾಕಿದ್ದನ್ನೂ ಹೇಳಬೇಕು. ಬಾಯಿ ತೆರೆದೆ. “ಎಲ್ಲರೂ ದಯವಿಟ್ಟು ಹಳದಿ ಗೆರೆಯಿಂದ ಹಿಂದೆ ಸರಿದು ನಿಲ್ಲಬೇಕು” ಎಂದು ಬಂತು.

ಚೀರಾಟಕ್ಕೆ ಮೇಲಿನ ಮನೆಯಿಂದ ಕಣ್ಣಿನ ಡಾಕ್ಟರು ಇಳಿದು ಬಂದರು. ಅಭ್ಯಾಸಬಲದಿಂದ ಜೇಬಿನ ಪುಟ್ಟ ಟಾರ್ಚ್ ತೆಗೆದು ಮಾವನ ಬಲಗಣ್ಣಿಗೆ ಹಿಡಿದರು, ಎಡಗಣ್ಣಿಗೆ ಹಿಡಿದರು. “ಮೇಲೆ ನೋಡಿ” ಎಂದೂ ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡರು.

“ಏನಾಗಿದೆ ಡಾಕ್ಟ್ರೇ?” ಎಂದಳು ಹೆಂಡತಿ.

“ಎರಡೂ ಕಣ್ಣಿಗೂ ಆಗಿದೆ ಕಣಮ್ಮ” ಎಂದರು ಡಾಕ್ಟರು. “ಒಂದೇ ಕಣ್ಣಾಗಿದ್ರೆ ಏನೋ ಬಿದ್ದಿದೆ ಅನ್ನಬಹುದಿತ್ತು. ಎರಡೂ ಅಂದ್ರೆ ಒಳಗಿಂದ ಬಂದಿರೋದು.”

ಹಿಂದೆಯೇ ಕಟ್ಟಡದ ಕಾರ್ಯದರ್ಶಿ ಬಂದರು. ನಲ್ಲಿ, ಮೆಟ್ಟಿಲು, ಕಸದ ಡಬ್ಬಗಳ ಮೇಲೆಲ್ಲ ಅಧಿಕಾರವುಳ್ಳ ಮನುಷ್ಯ. ಗೋಡೆ ತಟ್ಟಿ ನೋಡಿದರು. “ಪೈಪ್ ಲೀಕ್ ಇಲ್ಲ. ಬರೆದು ಕೊಡ್ತೀನಿ ಬೇಕಾದ್ರೆ. ಲೀಕ್ ಇರೋದು ನಿಮ್ಮ ಮಾವನವರಲ್ಲಿ. ಅದು ಕಟ್ಟಡದ ಜವಾಬ್ದಾರಿ ಅಲ್ಲ.” ಹೀಗೆ ಕೈ ತೊಳೆದುಕೊಂಡರೂ ಹೋಗಲಿಲ್ಲ. ಬಾಗಿಲಲ್ಲಿ ನಿಂತು ಮೆಟ್ಟಿಲೇರಿ ಬಂದ ಅಕ್ಕಪಕ್ಕದವರನ್ನೆಲ್ಲ ಸಾಲಾಗಿ ಒಳಗೆ ಬಿಟ್ಟರು. ಜನ ಬಂದರು, ನೋಡಿದರು, ತೊಟ್ ಎಂಬ ಸದ್ದಿಗೆ ಎದೆ ಹಿಡಿದುಕೊಂಡು ಪಿಸುಗುಟ್ಟುತ್ತಾ ಇಳಿದು ಹೋದರು.

ಸೋದರತ್ತೆ ಕುರ್ಚಿ ಎಳೆದುಕೊಂಡು ಫೋಟೋದ ಕೆಳಗೆ ಕೂತರು. “ಹೇಳಿರಲಿಲ್ವಾ ನಾನು? ಬದುಕಿದ್ದಾಗ ಒಂದು ಹನಿ ಹಾಕಿದವನಲ್ಲ. ಹೆಂಡತಿ ಸತ್ತಾಗಲೂ ಕಲ್ಲಿನ ಥರ ನಿಂತಿದ್ದ. ಈಗ ನೋಡಿ, ರಕ್ತ ಸುರಿಸ್ತಿದ್ದಾನೆ. ನಾಳೆ ಆ ಹಣ್ಣಿನವರು ಬರಲಿ, ಬಾಗಿಲಲ್ಲೇ ಬೇಡ ಅಂದು ಕಳಿಸಿ.”

ಹೆಂಡತಿ, “ಸುಮ್ನಿರಿ ಅತ್ತೆ” ಎಂದಳಾದರೂ ದನಿಯಲ್ಲಿ ಕಸುವಿರಲಿಲ್ಲ.

ನಾದಿನಿ ಬಾಲ್ಕನಿಯಲ್ಲಿದ್ದಳು. ನಾನು ಅಲ್ಲಿಗೆ ಹೋದೆ. ಅವಳು ಅಳುತ್ತಿರಲಿಲ್ಲ. ಅಳುತ್ತಿದ್ದರೇ ಚೆನ್ನಾಗಿತ್ತು.

“ಭಾವ, ದಿನಾ ಎಷ್ಟೋ ಜನರ ಮೂಳೆ ನೋಡ್ತೀನಿ. ದೆವ್ವಗಿವ್ವ ಅಂದ್ರೆ ನಗು ಬರುತ್ತೆ ನನಗೆ” ಎಂದಳು. “ಆದ್ರೆ ನಮ್ಮಪ್ಪ ಅತ್ತಿದ್ದನ್ನ ನಾನು ಜನ್ಮದಲ್ಲಿ ನೋಡಿಲ್ಲ. ಈಗ ನನ್ನಿಂದ ಅಳ್ತಿದ್ದಾರೆ. ಅವರನ್ನ ಅಳಿಸಿ ನಾನು ಹೇಗೆ ಸುಖವಾಗಿರಲಿ? ನಾಳೆ ನಾನೇ ಬೇಡ ಅಂತೀನಿ. ಅವರಮ್ಮ ಎಷ್ಟು ಆಸೆ ಇಟ್ಕೊಂಡಿದ್ದಾರೆ ಪಾಪ.”

“ನೋಡಮ್ಮ, ಅದು…” ಎಂದೆ. ಅಷ್ಟರಲ್ಲಿ ಒಳಗಿನಿಂದ ತೊಟ್ ಎಂದಿತು. “ಮುಂದಿನ ಮಾಹಿತಿಗಾಗಿ ನಿರೀಕ್ಷಿಸಿ” ಎಂದು ಹೇಳಿ ಒಳಗೆ ಬಂದುಬಿಟ್ಟೆ. ನನ್ನಂಥ ಹೇಡಿಯನ್ನು ನಾನೇ ನೋಡಿಲ್ಲ.

*

ಬೆಳಗಾದರೆ ನಿಲ್ಲುತ್ತದೆ, ಇದ್ದ ರಸವೆಲ್ಲ ಇಳಿದು ಹೋಗಿರುತ್ತದೆ ಎಂದು ನನ್ನ ಲೆಕ್ಕ. ಬೆಳಿಗ್ಗೆ ಎದ್ದು ಹಾಲ್‌ಗೆ ಬಂದೆ. ನೆಲದ ಮೇಲೆ ಸೋದರತ್ತೆ ಇಟ್ಟಿದ್ದ ಬಟ್ಟಲಿನಲ್ಲಿ ತಳ ಮುಚ್ಚುವಷ್ಟು ಕೂಡಿತ್ತು, ಚೌಕಟ್ಟಿನ ಅಂಚಿನಲ್ಲಿ ಹೊಸ ಹನಿ ತೂಗುತ್ತಿತ್ತು. ಇಷ್ಟೊಂದು ರಸ ಆ ಸಂದಿಯಲ್ಲಿ ಎಲ್ಲಿ ಹಿಡಿಸಿತ್ತು ಎಂದು ಒಂದು ಗಳಿಗೆ ಯೋಚನೆ ಬಂತು. ಅಂಥ ಯೋಚನೆಗಳನ್ನು ಪೂರ್ತಿ ಮಾಡುವ ಧೈರ್ಯ ನನಗಿಲ್ಲದ್ದರಿಂದ ಅಡುಗೆಮನೆಗೆ ಹೋಗಿ ಕೋಸನ್ನು ಹಿಂಡಿದೆ. ಕೈಯೆಲ್ಲ ಕೆಂಪಾಯಿತು. ಮೊಸರು, ನಿಂಬೆರಸ, ಕಾಳುಮೆಣಸಿನ ಪುಡಿ ಬೆರೆಸಿದೆ. ರುಚಿ ನೋಡಲು ಮನಸ್ಸಾಗಲಿಲ್ಲ.

ಊಟದ ಹೊತ್ತಿಗೆ ಅವರು ಬಂದರು. ತಾಯಿಯ ಕೈಯಲ್ಲಿ ಹಣ್ಣಿನ ಬುಟ್ಟಿ, ಮಗನ ಮೈಮೇಲೆ ಹೊಸ ಅಂಗಿ. ಹಿಂದೆಯೇ ಕಾರ್ಯದರ್ಶಿ ಮತ್ತು ಡಾಕ್ಟರು ಯಾರೂ ಕರೆಯದೆ ಬಂದು ಗೋಡೆಗೆ ಆತು ನಿಂತರು. ಹಣ್ಣಿನಂಗಡಿಯ ಅಮ್ಮ ನಗುತ್ತಾ ಒಳಗೆ ಕಾಲಿಟ್ಟವರು ಗೋಡೆ ನೋಡಿದರು. ನಗು ಹಾಗೇ ನಿಂತುಹೋಯಿತು.

ತೊಟ್.

“ನೋಡಿದ್ರಾ?” ಎಂದರು ಸೋದರತ್ತೆ. “ನಾವು ಹೇಳೋದು ಏನೂ ಇಲ್ಲ. ಮನೆ ಯಜಮಾನನೇ ಹೇಳ್ತಿದ್ದಾನೆ.”

ಹುಡುಗ ನಾದಿನಿಯನ್ನು ನೋಡಿದ. ಅವಳು ಎದ್ದು ನಿಂತಳು. ತುಟಿ ಬಿಗಿದಿದ್ದಳು, ಥೇಟ್ ಅಪ್ಪನ ಹಾಗೆ. “ನಾನು ಒಂದು ಮಾತು ಹೇಳ್ಬೇಕು” ಎಂದಳು. “ತಪ್ಪು ತಿಳ್ಕೋಬೇಡಿ. ನನಗೆ ಈ…”

“ದಯವಿಟ್ಟು ಗಮನಿಸಿ!”

ಕಿರುಚಿದವನು ನಾನೇ. ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಜೀವ ಬಾಯಿಗೆ ಬಂದಿತ್ತು, ಮಾತು ಮಾತ್ರ ಗಾಜಿನ ಗೂಡಿನಲ್ಲಿ ಕೂತಂತೆ ಸರಾಗವಾಗಿ ಹೊರಟಿತು.

“ಎಲ್ಲರ ಗಮನಕ್ಕೆ. ಗೋಡೆಯ ಮೇಲಿರುವ ಮಾವನವರು ತಾಂತ್ರಿಕ ಕಾರಣಗಳಿಂದ ಅಳುತ್ತಿದ್ದಾರೆ. ನಿನ್ನೆ ಮಧ್ಯಾಹ್ನ ಸದರಿ ಮಾವನವರನ್ನು ಅಡುಗೆಮನೆಯಲ್ಲಿ ಉಪ್ಪು ಸವರಿದ ಕೋಸಿನ ಮೇಲೆ ಭಾರಕ್ಕಾಗಿ ಮಗುಚಿ ಹಾಕಲಾಗಿತ್ತು. ದ್ರಾಕ್ಷಿಯ ರಸ ಚೌಕಟ್ಟಿನ ಮೇಲಂಚಿನಿಂದ ಒಳಗೆ ಹೋಗಿ ಕೆಳಗಿಳಿಯುತ್ತಿದೆ. ಕಪ್ಪು ಕೂದಲಿನ ಮೇಲೆ ಕೆಂಪು ಕಾಣುವುದಿಲ್ಲ. ಹೀಗಾಗಿ ಕಣ್ಣಿನಿಂದಲೇ ಹೊರಟಂತೆ ತೋರುತ್ತಿದೆ. ಪ್ರಯಾಣಿಕರಿಗೆ ಉಂಟಾದ ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ.”

ಸೋದರತ್ತೆ ಎದ್ದರು.

“ನನ್ನ ತಮ್ಮನ್ನ ಕೋಸಿನ ಮೇಲೆ ಮಲಗಿಸಿದ್ರಾ ಅಳಿಯಂದಿರೇ?”

“ಮಗುಚಿ…”

“ಅದೂ ಇವರ ಅಂಗಡಿ ಹಣ್ಣಿನ ಮೇಲೆ! ಅದಕ್ಕೇ ರಕ್ತ ಸುರಿಸ್ತಿರೋದು ಅವನು!”

“ಅಲ್ಲ ಅತ್ತೆ” ಎಂದಳು ನನ್ನ ಹೆಂಡತಿ. ಅವಳ ಕಣ್ಣಲ್ಲಿ ನೀರಿತ್ತು. “ಇವರು ಸುಳ್ಳು ಹೇಳ್ತಿದ್ದಾರೆ. ತಂಗಿ ಮದುವೆ ಮುರಿಯುತ್ತೆ ಅಂತ ತಪ್ಪನ್ನ ತಲೆ ಮೇಲೆ ಹಾಕ್ಕೊಳ್ತಿದ್ದಾರೆ. ರೀ, ನಿಮ್ಮಲ್ಲಿ ಇಂಥಾ ಒಳ್ಳೆತನ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ.”

ಮದುವೆಯಾದಾಗಿನಿಂದ ಅವಳು ನನ್ನನ್ನು ಹೊಗಳಿದ್ದು ಅದೇ ಮೊದಲು, ಅದೂ ನಿಜ ಹೇಳಿದ್ದಕ್ಕೆ ಸುಳ್ಳುಗಾರನೆಂದು. ಡಾಕ್ಟರು “ಮೇಲಿನಿಂದ ಬಂದದ್ದಲ್ಲ, ನಾನೇ ಪರೀಕ್ಷೆ ಮಾಡಿದ್ದೀನಿ” ಎಂದರು. ಕಾರ್ಯದರ್ಶಿ “ಇಂಥ ಕೆಲಸ ಯಾರಾದ್ರೂ ಮಾಡ್ತಾರಾ?” ಎಂದರು. ಇನ್ನು ಮಾತಿನಿಂದ ಆಗುವಂತಿರಲಿಲ್ಲ. ನಾನು ನೇರ ಗೋಡೆಯ ಹತ್ತಿರ ಹೋದೆ. ಮಾವ ನೋಡುತ್ತಲೇ ಇದ್ದರು. ಕಣ್ಣು ಮುಚ್ಚಿ, ಕತ್ತು ಚಾಚಿ, ಚೌಕಟ್ಟಿನ ಅಂಚಿನಲ್ಲಿ ತೂಗುತ್ತಿದ್ದ ಹನಿಯನ್ನು ನೆಕ್ಕಿಬಿಟ್ಟೆ.

ಸೋದರತ್ತೆ “ಅಯ್ಯಯ್ಯೋ!” ಎಂದು ಕುಸಿದು ಕೂತರು. ಕಾರ್ಯದರ್ಶಿ ಬಾಗಿಲಿಗೆ ಓಡಿ, ಅಲ್ಲಿಂದ ಇಣುಕಿದರು.

“ಉಪ್ಪು!” ಎಂದು ಕೂಗಿದೆ. “ದ್ರಾಕ್ಷಿ! ಉಪ್ಪು ಹಾಕಿದ ದ್ರಾಕ್ಷಿ!”

ನಿಜ ಹೇಳಬೇಕೆಂದರೆ ದ್ರಾಕ್ಷಿಯ ರುಚಿ ನನಗೆ ತಿಳಿಯಲಿಲ್ಲ. ಬರೀ ಉಪ್ಪು. ಅದೂ ಬೆಚ್ಚಗಿತ್ತು. ಹೆದರಿದವನ ನಾಲಿಗೆ, ಅದಕ್ಕೇನು ಗೊತ್ತಾಗುತ್ತದೆ ಎಂದುಕೊಂಡೆ.

ಆಗ ನಾದಿನಿ ನನ್ನ ಪಕ್ಕಕ್ಕೆ ಬಂದಳು. “ಉಸಿರು ಹಿಡ್ಕೊಳ್ಳಿ ಭಾವ” ಎಂದು ಮೆಲ್ಲಗೆ ಅಂದಳು. ನನಗೆ ಹೇಳಿದಳೋ ತನಗೆ ಹೇಳಿಕೊಂಡಳೋ ಗೊತ್ತಿಲ್ಲ. ಅಂಚಿನಲ್ಲಿ ಇನ್ನೊಂದು ಹನಿ ಕೂಡುವವರೆಗೆ ಕಾದು, ಬೆರಳಿಗೆ ತೆಗೆದುಕೊಂಡು, ಬಾಯಿಗಿಟ್ಟಳು. ಹಾಲ್‌ನಲ್ಲಿ ಯಾರೂ ಅಲ್ಲಾಡಲಿಲ್ಲ.

“ಉಪ್ಪು” ಎಂದಳು. “ಹೌದು. ಉಪ್ಪಿದೆ.”

ಮರುಗಳಿಗೆಗೆ ನಕ್ಕಳು, ನಗುತ್ತಾ ನಗುತ್ತಾ ಅತ್ತುಬಿಟ್ಟಳು. “ಕೋಸಿನ ಉಪ್ಪು ಅಕ್ಕ! ಭಾವ ನಿಜವಾಗ್ಲೂ ಅಪ್ಪನ್ನ ಕೋಸಿನ ಮೇಲೆ ಇಟ್ಟಿದ್ದಾರೆ!” ಎಂದು ಹೆಂಡತಿಯ ಹೆಗಲಿಗೆ ಒರಗಿದಳು. ಹೆಂಡತಿ ನನ್ನನ್ನು ನೋಡಿದ ನೋಟದಲ್ಲಿ ಆಗಷ್ಟೇ ಹುಟ್ಟಿದ್ದ ಗೌರವ ಅಲ್ಲಿಯೇ ಸತ್ತುಹೋಯಿತು. ನಾದಿನಿ ಕಣ್ಣೊರೆಸಿಕೊಂಡು ಹುಡುಗನ ಕಡೆ ತಿರುಗಿ, “ನಾನು ಹೇಳ್ಬೇಕು ಅಂದಿದ್ದು… ನನಗೆ ಒಪ್ಪಿಗೆ” ಎಂದಳು.

“ತಕ್ಕಡಿ ಎತ್ಕೊಂಡು ಹೋಗಿದ್ದು ಸುಳ್ಳಾ?” ಎಂದು ಸೋದರತ್ತೆ ಕೂತಲ್ಲಿಂದಲೇ ಕೊನೆಯ ಬಾಣ ಬಿಟ್ಟರು.

ಹಣ್ಣಿನಂಗಡಿಯ ಅಮ್ಮ ಬುಟ್ಟಿ ಕೆಳಗಿಟ್ಟರು. “ಸುಳ್ಳಲ್ಲಮ್ಮ. ಆ ತಕ್ಕಡಿ ಗಿರಾಕಿಗಳಿಗೇ ಜಾಸ್ತಿ ಹಣ್ಣು ಹೋಗೋ ಹಾಗೆ ತೂಗ್ತಿತ್ತು, ನಮಗೆ ಗೊತ್ತೇ ಇರಲಿಲ್ಲ. ಅವರು ಎತ್ಕೊಂಡು ಹೋಗದಿದ್ರೆ ಅಂಗಡಿ ಮುಚ್ಚಿ ಬೀದಿಗೆ ಬರ್ತಿದ್ವಿ. ನಮ್ಮ ಯಜಮಾನರು ಇರೋವರೆಗೂ ಅವರನ್ನ ನೆನೆಸ್ತಿದ್ರು. ಒಂದ್ಸಲ ಕಿತ್ತಳೆ ಕೊಡೋಕೆ ಹೋದ್ರೆ ಬೈದು ಅಟ್ಟಿದ್ರು ಪುಣ್ಯಾತ್ಮ.”

ಸೋದರತ್ತೆ ಎದ್ದು ಆ ಹಣ್ಣಿನ ಬುಟ್ಟಿಯನ್ನು ತಾವೇ ಒಳಗೆ ಒಯ್ದರು.

*

ಊಟಕ್ಕೆ ಕೂತೆವು. ಕರೆಯದೆ ಬಂದವರೂ ಕೂತರು. ಒಂದು ಗಂಡಾಂತರ ಕಳೆದ ಮನೆಯಲ್ಲಿ ಜನ ಗಟ್ಟಿಯಾಗಿ ಮಾತಾಡುತ್ತಾರೆ, ಎರಡೆರಡು ಸಲ ಬಡಿಸಿಕೊಳ್ಳುತ್ತಾರೆ. ನನ್ನ ಸಲಾಡ್ ಗುಲಾಬಿ ಬಣ್ಣಕ್ಕೆ ತಿರುಗಿ ನಡುವೆ ಕೂತಿತ್ತು. ಹಣ್ಣಿನಂಗಡಿಯ ಅಮ್ಮ ಮೊದಲ ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು.

“ಆಹಾ! ಎಲ್ಲರೂ ಕೋಸಿಗೆ ಉಪ್ಪು ಹಾಕಿ ಹಣ್ಣಿನ ರುಚೀನೂ ಕೆಡಿಸ್ತಾರೆ. ನೀವು ಸಕ್ಕರೆ ಹಾಕಿ ನೀರು ಬಿಡಿಸಿದ್ದೀರಿ. ಉಪ್ಪಿನ ಸುಳಿವೇ ಇಲ್ಲ. ಭೇಷ್!”

“ಉಪ್ಪು ಹಾಕಿದ್ದೀನಿ” ಎಂದೆ.

“ಎಲ್ಲಿದೆ?” ಎಂದರು ಡಾಕ್ಟರು ಬಾಯಿ ತುಂಬ ಅಗಿಯುತ್ತಾ. “ಒಳ್ಳೇ ಜಾಮ್ ಥರ ಇದೆ.”

ಉಪ್ಪು ತರಲು ಒಳಗೆ ಹೋದ ಹೆಂಡತಿ ಎರಡು ಡಬ್ಬಿ ಹಿಡಿದು ಹೊರಗೆ ಬಂದಳು. “ರೀ, ಉಪ್ಪಿನ ಡಬ್ಬಿ ನಿನ್ನೆ ತುಂಬಿಸಿದ ಹಾಗೇ ಇದೆ. ಖಾಲಿಯಾಗಿರೋದು ಸಕ್ಕರೆ ಡಬ್ಬಿ! ಯಾವುದು ಉಪ್ಪು ಯಾವುದು ಸಕ್ಕರೆ ಅಂತಾನೂ ತಿಳಿಯದ ಮಹಾರಾಯರು ಕೇಕ್ ಬೇರೆ ಮಾಡಿದ್ರಂತೆ!”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಡುಗ ನಕ್ಕ, ಕಾರ್ಯದರ್ಶಿ ಮೇಜು ಬಡಿದು ನಕ್ಕರು, ಸೋದರತ್ತೆಯ ತುಟಿಯೂ ಸಡಿಲಾಯಿತು.

ನಾನು ಒಂದು ಚಮಚ ಬಾಯಿಗಿಟ್ಟೆ. ಸಿಹಿ. ಬರೀ ಸಿಹಿ. ಎಳೆ ಎಳೆಯೂ ಸಿಹಿ. ತಲೆ ಎತ್ತಿದರೆ ಎದುರಿಗೆ ನಾದಿನಿ. ಅವಳ ಚಮಚ ಬಾಯಿಯಲ್ಲೇ ನಿಂತಿತ್ತು. ಆ ಮೇಜಿನಲ್ಲಿ ನಗದೆ ಕೂತವರು ನಾವಿಬ್ಬರೇ.

ಅವಳು ಮೆಲ್ಲಗೆ ಎದ್ದು ಹಾಲ್‌ಗೆ ಹೋದಳು. ನೀರು ತರುವ ನೆಪದಲ್ಲಿ ನಾನೂ ಹೋದೆ.

“ಭಾವ, ನೀವು ಉಪ್ಪೇ ಹಾಕಿರಲಿಲ್ಲ” ಎಂದಳು.

“ಇಲ್ಲ.”

“ನಿಮಗೂ ಉಪ್ಪೇ ಅನ್ನಿಸ್ತಾ?”

“ಉಪ್ಪೇ.”

ಒಳಗಿನಿಂದ ನಗು ಕೇಳುತ್ತಿತ್ತು. ಅವಳು ಅಪ್ಪನನ್ನು ನೋಡುತ್ತಾ ನಿಂತಳು. ಹೆದರಿದಂತೆ ಕಾಣಲಿಲ್ಲ. ಸೆರಗಿನ ತುದಿ ತೆಗೆದುಕೊಂಡು ಚೌಕಟ್ಟಿನ ಕೆಳ ಅಂಚನ್ನು ಒರೆಸಿದಳು, ಚಿಕ್ಕ ಮಗುವಿನ ಮೂಗು ಒರೆಸುವ ಹಾಗೆ.

“ಸಾಕಪ್ಪ” ಎಂದಳು. “ನಾನೇನು ದೂರ ಹೋಗ್ತಿಲ್ಲ. ಎರಡು ಬೀದಿ ಆಚೆಗೆ ಅಷ್ಟೇ. ವಾರ ವಾರ ಬರ್ತೀನಿ.”

ನಾವು ಕಾದೆವು. ಹನಿ ಮತ್ತೆ ಕೂಡಲಿಲ್ಲ. ಅವಳು ಕಣ್ಣೊರೆಸಿಕೊಂಡು, “ಯಾರಿಗೂ ಹೇಳ್ಬೇಡಿ ಭಾವ, ಅಪ್ಪನಿಗೆ ನಾಚಿಕೆಯಾಗುತ್ತೆ” ಎಂದು ಊಟಕ್ಕೆ ಹೋದಳು.

ಮದುವೆಯಾಯಿತು. ಮಾತಿಗೆ ತಪ್ಪದೆ ಅವಳು ವಾರ ವಾರ ಗಂಡನೊಂದಿಗೆ ಊಟಕ್ಕೆ ಬರುತ್ತಾಳೆ. ಪ್ರತಿ ಸಲವೂ ನನ್ನ ಸಲಾಡ್ ಆಗಲೇಬೇಕು. ಈಗ ನಾನು ಭಾರಕ್ಕೆ ನೀರು ತುಂಬಿದ ಪಾತ್ರೆ ಇಡುತ್ತೇನೆ, ಡಬ್ಬಿಯನ್ನು ನೆಕ್ಕಿ ನೋಡಿಯೇ ಬಗ್ಗಿಸುತ್ತೇನೆ. ಅವಳು ಬರುವ ಮುಂಚೆ ಹಾಲ್‌ಗೆ ಹೋಗಿ ಮಾವನ ಚೌಕಟ್ಟಿನ ಕೆಳಗೆ ಬೆರಳಾಡಿಸುತ್ತೇನೆ. ಒಣಗಿರುತ್ತದೆ. ಅವಳು ಊಟ ಮುಗಿಸಿ, “ಬರ್ತೀನಿ ಅಪ್ಪ” ಎಂದು ಗೋಡೆಗೆ ಹೇಳಿ ಮೆಟ್ಟಿಲಿಳಿದು ಹೋದ ಮೇಲೆ ಇನ್ನೊಂದು ಸಲ ಬೆರಳಾಡಿಸಿ ನೋಡುವ ಧೈರ್ಯ ಮಾತ್ರ ನನಗೆ ಇವತ್ತಿನವರೆಗೂ ಬಂದಿಲ್ಲ.